ಭೂಗೋಳದ ಪ್ರಾಜೆಕ್ಟಿಗೆ ವಿಷಯ ಆರಿಸುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

‘ಕಲಬುರಗಿ ಜಿಲ್ಲೆಯ ಕೃಷಿ: ಒಂದು ಭೌಗೋಳಿಕ ಅಧ್ಯಯನ’ ಎಂಬಂಥ ತಲೆಬರಹ ಕೇಳಲು ಭಾರಿಯಾಗಿದೆ. ಆದರೆ ಅದನ್ನು ಹಿಡಿದು ಹೊರಟ ವಿದ್ಯಾರ್ಥಿ ಹದಿನೈದು ದಿನದಲ್ಲೇ ಸಿಕ್ಕಿಬೀಳುತ್ತಾನೆ. ಜಿಲ್ಲೆಯ ವಿಸ್ತೀರ್ಣ ಸುಮಾರು 10,900 ಚದರ ಕಿಲೋಮೀಟರ್. ಕೈಯಲ್ಲಿರುವುದು ನಾಲ್ಕೈದು ಭಾನುವಾರ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೊನೆಗೆ ಗ್ರಂಥಾಲಯದ ಹಳೆಯ ವರದಿಯಿಂದ ಮಣ್ಣು, ಮಳೆ, ಬೆಳೆ ಎಂದು ಪುಟ ತುಂಬಿಸುತ್ತಾನೆ. ಅದರಲ್ಲಿ ಅವನು ಕಣ್ಣಾರೆ ಕಂಡದ್ದು ಒಂದು ಸಾಲೂ ಇರುವುದಿಲ್ಲ. ಹುಡುಗ ಸೋಮಾರಿಯಾಗಿದ್ದಕ್ಕೆ ಹೀಗಾಗುವುದಿಲ್ಲ. ಆರಿಸಿಕೊಂಡ ವಿಷಯವೇ ಅವನನ್ನು ಅಲ್ಲಿಗೆ ತಳ್ಳುತ್ತದೆ.

ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳು ವಿಷಯ ಆರಿಸುವ ಹೊತ್ತಿನಲ್ಲಿ ಎದುರಿಗೆ ಇಟ್ಟುಕೊಳ್ಳಲಿ ಎಂದು ಈ ಬರಹ. ಇದರ ತಿರುಳು ಒಂದೇ: ತಲೆಬರಹ ಹುಡುಕಬೇಡಿ, ಪ್ರಶ್ನೆ ಹುಡುಕಿ. ಆ ಪ್ರಶ್ನೆ ‘ಜಾಗ ಬದಲಾದಂತೆ ಏನು ಬದಲಾಗುತ್ತದೆ’ ಎಂದು ಕೇಳುವಂತಿರಲಿ. ನಡೆದು ಹೋಗಿ ಅಳೆಯುವಂತಿರಲಿ. ಉತ್ತರ ನಿಮಗೆ ಮೊದಲೇ ಗೊತ್ತಿಲ್ಲದಂತಿರಲಿ.

ಹೆಜ್ಜೆ 1: ದಿನ, ದುಡ್ಡು, ಜೊತೆಗಾರರ ಲೆಕ್ಕ

ವಿಷಯದ ಬಗ್ಗೆ ಯೋಚಿಸುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಕ್ಷೇತ್ರಕಾರ್ಯಕ್ಕೆ ಎಷ್ಟು ದಿನ ಸಿಗುತ್ತದೆ, ಬಸ್ಸಿಗೆ ಎಷ್ಟು ಖರ್ಚು ಮಾಡಬಲ್ಲಿರಿ, ಜೊತೆಗೆ ಯಾರು ಬರುತ್ತಾರೆ, ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ, ಸಂಜೆ ಕೊನೆಯದು ಎಷ್ಟಕ್ಕೆ.

ಒಂದು ದಿನದಲ್ಲಿ ನಿಜವಾಗಿ ಸಿಗುವುದು ಆರು ಗಂಟೆ. ಒಬ್ಬರನ್ನು ಮಾತಾಡಿಸಲು ಇಪ್ಪತ್ತು ನಿಮಿಷ, ಮುಂದಿನ ಮನೆಗೆ ಹೋಗಲು ಐದು ನಿಮಿಷ ಹಿಡಿಯಿರಿ. ದಿನಕ್ಕೆ ಹೆಚ್ಚೆಂದರೆ ಹದಿನಾಲ್ಕು ಜನ ಆಗುತ್ತಾರೆ. ನಾಲ್ಕು ದಿನಕ್ಕೆ ಐವತ್ತು ಚಿಲ್ಲರೆ. ಬಾವಿ ಅಳೆಯುವುದಾದರೆ ಹುಡುಕಿ, ಮಾಲೀಕರನ್ನು ಕೇಳಿ, ಅಳೆದು, ಬರೆದುಕೊಳ್ಳಲು ಒಂದಕ್ಕೆ ಅರ್ಧ ಗಂಟೆ ಬೇಕು. ‘500 ಕುಟುಂಬಗಳ ಸಮೀಕ್ಷೆ’ ಎಂದು ಪ್ರಸ್ತಾವದಲ್ಲಿ ಬರೆಯುವ ಮುಂಚೆ ಈ ಗುಣಾಕಾರ ಮಾಡಿದ್ದರೆ ಎಷ್ಟೋ ಪ್ರಾಜೆಕ್ಟುಗಳು ಉಳಿಯುತ್ತಿದ್ದವು.

ಜಾಗ ನಿಮ್ಮ ಮನೆಯಿಂದ ಅಥವಾ ಹಾಸ್ಟೆಲಿನಿಂದ ಒಂದೂವರೆ ಗಂಟೆಯೊಳಗೆ ತಲುಪುವಂತಿರಲಿ. ಮರೆತ ಒಂದು ಅಳತೆಗಾಗಿ ಮತ್ತೆ ಹೋಗಬೇಕಾಗುತ್ತದೆ, ಅದು ಖಂಡಿತ. ಸೇಡಂನಲ್ಲಿ ಓದುವ ಹುಡುಗಿ ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಕಾಲುವೆ ಆರಿಸಿಕೊಂಡರೆ ಎರಡನೇ ಸಲ ಹೋಗುವುದು ಆಗದ ಮಾತು. ಆಕೆಗೆ ಕಾಗಿಣಾ ನದಿಯೇ ಸಾಕು.

ಹೆಜ್ಜೆ 2: ನೆಲ ಬದಲಾಗುವ ಗೆರೆ ಹುಡುಕಿ

ಎಲ್ಲವೂ ಒಂದೇ ರೀತಿ ಇರುವ ಕಡೆ ಭೂಗೋಳದ ಪ್ರಶ್ನೆ ಹುಟ್ಟುವುದಿಲ್ಲ. ಈ ವಿಚಾರದಲ್ಲಿ ನಮ್ಮ ಮೂರು ಜಿಲ್ಲೆಗಳು ಪುಣ್ಯ ಮಾಡಿವೆ. ಬೀದರ್ ಪಟ್ಟಣ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ, ಅದರ ಕೆಳಗೆ ಕರಿ ಬಸಾಲ್ಟ್. ಆಳಂದ, ಅಫಜಲಪುರ, ಕಲಬುರಗಿ ಸೀಮೆಯಲ್ಲಿ ಅದೇ ಬಸಾಲ್ಟ್ ಹರಡಿ ಎರಿ ಮಣ್ಣು ಕೊಟ್ಟಿದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಗೆ ಬಂದರೆ ಪದರ ಪದರವಾಗಿ ಎದ್ದುಬರುವ ಸುಣ್ಣಕಲ್ಲು. ಮನೆ ಮನೆಯ ನೆಲಕ್ಕೆ ಹಾಸುವ ಫರಸಿ ಅದೇ. ಇನ್ನೂ ದಕ್ಷಿಣಕ್ಕೆ ಶಹಾಪುರ, ಸುರಪುರ, ಗುರುಮಠಕಲ್ ಎಂದರೆ ಗ್ರಾನೈಟ್ ಗುಡ್ಡ, ದೊಡ್ಡ ಉರುಟು ಬಂಡೆ. ಕಲಬುರಗಿಯಿಂದ ವಾಡಿ ಮೇಲೆ ಯಾದಗಿರಿಗೆ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ನೋಡಿ. ನೂರು ಕಿಲೋಮೀಟರಿನೊಳಗೆ ಮೂರು ಬಗೆಯ ಕಲ್ಲು, ಮೂರು ಬಗೆಯ ಮಣ್ಣು, ಅದಕ್ಕೆ ತಕ್ಕಂತೆ ಬದಲಾಗುವ ಬೇಲಿ, ಗೋಡೆ, ಬೆಳೆ ಕಣ್ಣಿಗೆ ಬೀಳುತ್ತವೆ.

ನೀರಿನ ಗೆರೆಯೂ ಇಲ್ಲೇ ಇದೆ. ಬೀದರ್ ಜಿಲ್ಲೆಯ ಮಾಂಜ್ರಾ, ಕಾರಂಜಾ ನದಿಗಳ ನೀರು ಗೋದಾವರಿಗೆ ಹೋಗುತ್ತದೆ. ಭೀಮಾ, ಕಾಗಿಣಾ, ಬೆಣ್ಣೆತೊರಾ, ಅಮರ್ಜಾ ನದಿಗಳದ್ದು ಕೃಷ್ಣೆಗೆ. ಎರಡರ ನಡುವಿನ ದಿಬ್ಬವನ್ನು ನಕ್ಷೆಯಲ್ಲಿ ಹುಡುಕುವುದೇ ಒಂದು ಒಳ್ಳೆಯ ಅಭ್ಯಾಸ.

ಸರ್ವೆ ಆಫ್ ಇಂಡಿಯಾದ 1:50,000 ಸ್ಥಳಾಕೃತಿ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ನಿಮ್ಮ ಊರನ್ನು ನಡುವಿಟ್ಟು ಪೆನ್ಸಿಲಿನಿಂದ 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ, ಅಂದರೆ ಐದು ಕಿಲೋಮೀಟರ್. ಆ ವೃತ್ತದೊಳಗೆ ಸಮೋನ್ನತ ರೇಖೆಗಳು ಒತ್ತಾಗಿರುವುದು ಎಲ್ಲಿ, ಹಳ್ಳ ಹೊಳೆ ಸೇರುವುದು ಎಲ್ಲಿ, ಕೆರೆ ಎಲ್ಲಿ, ರಸ್ತೆ ಕವಲೊಡೆಯುವುದು ಎಲ್ಲಿ, ಊರು ಮುಗಿದು ಹೊಲ ಶುರುವಾಗುವುದು ಎಲ್ಲಿ ಎಂದು ಗುರುತು ಹಾಕಿ. ಐದಾರು ಗೆರೆ ಸಿಕ್ಕೇ ಸಿಗುತ್ತವೆ. ವಿಷಯ ಹುಟ್ಟುವುದು ಆ ಗೆರೆಗಳ ಮೇಲೆ. ಆಮೇಲೆ ಇಸ್ರೋದ ಭುವನ್ ಜಾಲತಾಣದ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ನೋಡಿ. ನಕ್ಷೆಯಲ್ಲಿದ್ದ ಕೆರೆ ಈಗ ಇದೆಯೋ ಇಲ್ಲವೋ ತಿಳಿಯುತ್ತದೆ.

ಹೆಜ್ಜೆ 3: ವಿಷಯವನ್ನು ಒಡೆದು ಒಡೆದು ಪ್ರಶ್ನೆ ಮಾಡಿ

ತೊಗರಿಯನ್ನೇ ತೆಗೆದುಕೊಳ್ಳೋಣ. ‘ತೊಗರಿಯ ಕಣಜ’ ಎಂದು ಹೆಸರಾದ ಸೀಮೆಯಲ್ಲಿ, 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಳೆಯನ್ನು ಬಿಟ್ಟು ಬೇರೆಲ್ಲಿಗೋ ಹೋಗುವುದೇಕೆ? ಆದರೆ ‘ಕಲಬುರಗಿಯ ತೊಗರಿ’ ಎಂಬುದು ಇನ್ನೂ ಪ್ರಶ್ನೆಯಲ್ಲ.

ಮೊದಲ ಸಲ ಒಡೆದಾಗ: ಒಂದು ಊರಿನ ತೊಗರಿ. ಎರಡನೇ ಸಲ: ಆ ಊರಿನ ಯಾವ ಹೊಲಕ್ಕೆ ತೊಗರಿ, ಯಾವ ಹೊಲಕ್ಕೆ ಹಿಂಗಾರಿ ಜೋಳ ಅಥವಾ ಕಡಲೆ? ಮೂರನೇ ಸಲ: ಹಳ್ಳದ ದಂಡೆಯಿಂದ ದಿನ್ನೆಯ ಕಡೆ ಹೋದಂತೆ ತೊಗರಿ ಹೊಲಗಳ ಪಾಲು ಹೆಚ್ಚುತ್ತದೆಯೇ, ಎರಿ ಮಣ್ಣಿನ ಆಳಕ್ಕೂ ಅದಕ್ಕೂ ಸಂಬಂಧ ಇದೆಯೇ? ಇಲ್ಲಿಗೆ ನಿಲ್ಲಿಸಿ. ಇದು ಪ್ರಶ್ನೆ.

ಇದನ್ನು ಮಾಡುವುದು ಹೇಗೆಂದರೆ, ಹಳ್ಳದಿಂದ ದಿನ್ನೆಗೆ ಒಂದೂವರೆ ಕಿಲೋಮೀಟರ್ ನೇರ ಗೆರೆ ಆರಿಸಿ. ಪ್ರತಿ 100 ಮೀಟರಿಗೆ ನಿಂತು ಎಡ ಬಲ ಎರಡೂ ಹೊಲದ ಬೆಳೆ ಬರೆದುಕೊಳ್ಳಿ. ಶುರುವಿನ ಜಾಗವೂ ಸೇರಿ ಹದಿನಾರು ನಿಲುಗಡೆ, ಮೂವತ್ತೆರಡು ಹೊಲ, ಒಂದೇ ದಿನದ ಕೆಲಸ. ಮಣ್ಣಿನ ಆಳಕ್ಕೆ ಗುಂಡಿ ತೋಡುವ ಅಗತ್ಯವಿಲ್ಲ. ಬಾವಿಯ ಗೋಡೆ, ಹಳ್ಳ ಕೊರೆದ ದಂಡೆ, ಕೃಷಿ ಹೊಂಡದ ಬದಿ, ರಸ್ತೆಯ ಕಡಿತ ಇಲ್ಲೆಲ್ಲ ಕರಿ ಮಣ್ಣು ಮುಗಿದು ಬಿಳಿ ಗರಸು ಕಾಣಿಸುವ ಜಾಗ ಇರುತ್ತದೆ. ಅಲ್ಲಿಯವರೆಗೆ ಟೇಪು ಹಿಡಿಯಿರಿ. ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ಸಾಕು. ಪಹಣಿಯ ಬೆಳೆ ಕಾಲಮನ್ನು ಮಾತ್ರ ನೇರ ನಂಬಬೇಡಿ, ಹೊಲದಲ್ಲಿ ಕಂಡದ್ದರ ಜೊತೆ ಹೋಲಿಸಿ. ಆ ವ್ಯತ್ಯಾಸವೇ ವರದಿಯ ಒಂದು ಒಳ್ಳೆಯ ಅಧ್ಯಾಯ ಆಗಬಹುದು.

ಎಲ್ಲಿ ತಪ್ಪುತ್ತದೆ? ರಸ್ತೆಯ ಗುಂಟ ನಡೆದರೆ. ರಸ್ತೆ ಬದಿಯ ಹೊಲಕ್ಕೆ ಬೋರ್‌ವೆಲ್ ಇರುತ್ತದೆ, ತರಕಾರಿ ಅಥವಾ ಕಬ್ಬು ಇರುತ್ತದೆ. ಅದು ಊರಿನ ಚಿತ್ರವಲ್ಲ. ಗೆರೆ ರಸ್ತೆಯನ್ನು ಅಡ್ಡ ದಾಟಲಿ, ಅದರ ಜೊತೆ ಓಡಬಾರದು. ಇನ್ನೊಂದು, ಫೋನಿನ ಜಿಪಿಎಸ್ ಜಾಗವನ್ನು ಐದು-ಹತ್ತು ಮೀಟರ್ ಅಂತರದಲ್ಲಿ ಸರಿಯಾಗಿಯೇ ಹೇಳುತ್ತದೆ, ಆದರೆ ಅದು ತೋರಿಸುವ ಎತ್ತರ ಹತ್ತಾರು ಮೀಟರ್ ತಪ್ಪಿರಬಹುದು. ಎತ್ತರಕ್ಕೆ ನಕ್ಷೆಯ ಸಮೋನ್ನತ ರೇಖೆಯನ್ನೇ ಹಿಡಿಯಿರಿ.

ಅಳತೆಯ ಪದಗಳಲ್ಲೂ ಎಚ್ಚರ ಬೇಕು. ರೈತರು ಎಕರೆ-ಗುಂಟೆಯಲ್ಲಿ ಹೇಳುತ್ತಾರೆ. 40 ಗುಂಟೆಗೆ ಒಂದು ಎಕರೆ, 2.47 ಎಕರೆಗೆ ಒಂದು ಹೆಕ್ಟೇರ್. ‘ಎಕರೆಗೆ ಆರು ಚೀಲ’ ಎಂದರೆ ಅಲ್ಲೇ ಕೇಳಿ: ‘ಒಂದ್ ಚೀಲ ಅಂದ್ರ ಎಷ್ಟ್ ಕೆಜಿ ರೀ, ಕಾಕಾ?’ ಇದನ್ನು ಕೇಳದೆ ಬಂದರೆ ಇಡೀ ಇಳುವರಿ ಕಾಲಮ್ ದಂಡ.

ಹೆಜ್ಜೆ 4: ಪ್ರಶ್ನೆಯನ್ನು ಐದು ಕಡೆಯಿಂದ ತಟ್ಟಿ ನೋಡಿ

ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ. ಪ್ರಶ್ನೆಯಲ್ಲಿ ಜಾಗದ ಹೆಸರು ಇದೆಯೇ? ಅಳೆಯುವ ಅಥವಾ ಎಣಿಸುವ ಏನಾದರೂ ಇದೆಯೇ? ಕನಿಷ್ಠ ಹತ್ತು ಕಡೆ ಅಳೆಯಲು ಸಾಧ್ಯವೇ? ಉತ್ತರ ‘ಹೌದು’ ಬಂದರೂ ‘ಇಲ್ಲ’ ಬಂದರೂ ಬರೆಯಲು ಏನಾದರೂ ಇರುತ್ತದೆಯೇ? ನಕ್ಷೆಯಲ್ಲಿ ತೋರಿಸಬಹುದೇ?

ಹತ್ತು ಎಂಬ ಸಂಖ್ಯೆಗೆ ಕಾರಣವಿದೆ. ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧ, ಅಂದರೆ ಎರಡು ಅಳತೆಗಳ ಏರಿಳಿತ ಎಷ್ಟು ಜೊತೆಯಾಗಿ ಸಾಗುತ್ತದೆ ಎಂಬ ಲೆಕ್ಕ, ಹಾಕುವಾಗ ಹತ್ತು ಜೋಡಿ ಇದ್ದರೆ ಗುಣಾಂಕ 0.648 ದಾಟಿದರೆ ಸಾಕು, ಸಂಬಂಧ ಬರೀ ಆಕಸ್ಮಿಕವಲ್ಲ ಎಂದು ಶೇ. 5ರ ಮಟ್ಟದಲ್ಲಿ ಹೇಳಬಹುದು. ಐದೇ ಜೋಡಿ ಇದ್ದರೆ ಗುಣಾಂಕ ಪೂರ್ತಿ 1 ಬರಬೇಕು. ಅದು ಹೊಲದಲ್ಲಿ ಆಗುವ ಮಾತಲ್ಲ.

ನಾಲ್ಕನೆಯ ತಟ್ಟು ಎಲ್ಲಕ್ಕಿಂತ ಮುಖ್ಯ ಎನ್ನುವುದು ನಮ್ಮ ಅಭಿಪ್ರಾಯ. ‘ಯಾದಗಿರಿ ನಗರದಲ್ಲಿ ವಾಹನ ಹೆಚ್ಚಾಗಿವೆಯೇ?’ ಎಂದರೆ ಉತ್ತರ ಎಲ್ಲರಿಗೂ ಗೊತ್ತು. ‘ರೈಲು ನಿಲ್ದಾಣದಿಂದ ದೂರ ಹೋದಂತೆ ಅಂಗಡಿಗಳ ಬಗೆ ಹೇಗೆ ಬದಲಾಗುತ್ತದೆ?’ ಎಂದರೆ ಯಾರಿಗೂ ಗೊತ್ತಿಲ್ಲ, ಎಣಿಸಲೇಬೇಕು.

ಒಂದು ಪ್ರಶ್ನೆಯನ್ನು ಪೂರ್ತಿ ಬಿಚ್ಚಿ ನೋಡೋಣ: ಬೀದರಿನ ಬಾವಿಗಳು

ಬೀದರಿನ ಜಂಬಿಟ್ಟಿಗೆ ರಂಧ್ರಗಳಿಂದ ತುಂಬಿದ ಕಲ್ಲು. ಮಳೆ ಬಿದ್ದರೆ ಒಳಗೆ ಇಳಿಯುತ್ತದೆ. ಆದರೆ ಅದರ ಬುಡದಲ್ಲಿ ಜೇಡಿ ಪದರ, ಅದರ ಕೆಳಗೆ ಗಟ್ಟಿ ಬಸಾಲ್ಟ್. ನೀರು ಕೆಳಗೆ ಹೋಗಲಾರದೆ ಅಡ್ಡಕ್ಕೆ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ ಇವೆಲ್ಲ ಈ ಊರಿಗೆ ಬಂದದ್ದು ನೆಲದ ಈ ರಚನೆಯಿಂದ. ನೌಬಾದ್ ಬಳಿಯ ಬಹಮನಿ ಕಾಲದ ಸುರಂಗ ಬಾವಿಯನ್ನು, ಅಂದರೆ ಕರೇಜನ್ನು, ತೋಡಿದವರಿಗೂ ಈ ಗುಟ್ಟು ಗೊತ್ತಿತ್ತು.

ಹಾಗಾದರೆ ಪ್ರಶ್ನೆ: ಪ್ರಸ್ಥಭೂಮಿಯ ನಡುವಿನಿಂದ ಅಂಚಿಗೆ, ಅಂಚಿನಿಂದ ಕೆಳಗಿನ ಎರಿ ಭೂಮಿಗೆ ಹೋದಂತೆ ತೆರೆದ ಬಾವಿಗಳ ನೀರಿನ ಮಟ್ಟ ಹೇಗೆ ಬದಲಾಗುತ್ತದೆ? ಅಂಚಿಗೆ ಹತ್ತಿರವಾದಂತೆ ನೀರು ಬಸಿದುಹೋಗಿ ಆಳಕ್ಕೆ ಇಳಿಯುತ್ತದೆಯೋ, ಪದರ ಮುಗಿಯುವುದರಿಂದ ಮೇಲೆ ಬರುತ್ತದೆಯೋ, ಕುಳಿತಲ್ಲಿ ಹೇಳಲಾಗದು. ಪ್ರಾಜೆಕ್ಟಿಗೆ ಬೇಕಾದದ್ದು ಇಂಥದ್ದೇ.

ಹನ್ನೆರಡು ಬಾವಿ ಆರಿಸಿ: ಮೇಲೆ ನಾಲ್ಕು, ಅಂಚಿನಿಂದ 300 ಮೀಟರಿನೊಳಗೆ ನಾಲ್ಕು, ಕೆಳಗೆ ನಾಲ್ಕು. ಕೆರೆ, ಕಾಲುವೆಗೆ ಹತ್ತಿದ ಬಾವಿ ಬಿಟ್ಟುಬಿಡಿ. ಬೇಕಾದ ಸಾಮಾನು: ಕಟ್ಟಡದವರು ಬಳಸುವ 30 ಮೀಟರಿನ ಫೈಬರ್ ಟೇಪು ಮತ್ತು ಅದರ ತುದಿಗೆ ಕಟ್ಟಲು ಸುಮಾರು ಅರ್ಧ ಕಿಲೋ ತೂಕ. ತೂಕದ ಕೆಳಗೆ ಬೋರಲು ಹಾಕಿದ ಚಿಕ್ಕ ತಗಡಿನ ಡಬ್ಬಿ ಕಟ್ಟಿದರೆ ನೀರು ಮುಟ್ಟಿದ ಕೂಡಲೇ ‘ಟಪ್’ ಎಂದು ಕೇಳಿಸುತ್ತದೆ. ಕತ್ತಲೆ ಬಾವಿಯಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ. ಡಬ್ಬಿಯ ಬಾಯಿ ಟೇಪಿನ ಸೊನ್ನೆಗಿಂತ ಎಷ್ಟು ಕೆಳಗಿದೆ ಎಂದು ಮನೆಯಲ್ಲೇ ಅಳೆದು ಆ ಉದ್ದವನ್ನು ಪ್ರತಿ ಸಲ ಕೂಡಿಸಬೇಕು. ಹಗ್ಗಕ್ಕೆ ಗಂಟು ಹಾಕಿ ಅಳೆಯುವ ರೂಢಿಯೂ ಇದೆ, ಆದರೆ ನೂಲಿನ ಹಗ್ಗ ನೆನೆದರೆ ಕುಗ್ಗುತ್ತದೆ, ನೈಲಾನ್ ಹಗ್ಗ ಹಿಗ್ಗುತ್ತದೆ.

ಅಳೆಯುವುದು ಕಟ್ಟೆಯ ಮೇಲಿನಿಂದ, ಆದರೆ ಬರೆಯಬೇಕಾದದ್ದು ನೆಲಮಟ್ಟದಿಂದ. ಟೇಪು 9.40 ಮೀಟರ್ ತೋರಿಸಿ ಕಟ್ಟೆ 0.75 ಮೀಟರ್ ಎತ್ತರ ಇದ್ದರೆ ಆಳ 8.65 ಮೀಟರ್. ಈ ಕಳೆಯುವಿಕೆ ಮರೆತು ಕಟ್ಟೆ ಇರುವ ಬಾವಿಗಳೆಲ್ಲ ‘ಆಳ’ ಎಂದು ತೀರ್ಮಾನಕ್ಕೆ ಬರುವುದು ಬಹಳ ಸಾಮಾನ್ಯ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಇನ್ನೂ ದೊಡ್ಡ ತಪ್ಪು ಮೋಟಾರಿನದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದು ಪಂಪು ಓಡಿದ್ದರೆ ಬೆಳಗ್ಗೆ ನೀವು ಅಳೆಯುವುದು ನೆಲದ ನೀರನ್ನಲ್ಲ, ಮೋಟಾರು ಎಳೆದು ಬಿಟ್ಟ ನೀರನ್ನು. ಆ ಊರಿಗೆ ಕರೆಂಟ್ ಯಾವ ಹೊತ್ತಿಗೆ ಎಂದು ಮೊದಲೇ ತಿಳಿದುಕೊಂಡು, ಅದು ಬರುವುದಕ್ಕೆ ಸ್ವಲ್ಪ ಮುಂಚೆ ಹೋಗಿ. ಮನೆಯವರನ್ನು ಕೇಳಿ: ‘ಮುತ್ಯಾ, ಮೋಟಾರ್ ಯಾವಾಗ ಬಂದ್ ಮಾಡೀರಿ? ಬ್ಯಾಸಿಗ್ಯಾಗ ನೀರ ಎಲ್ಲಿತನಕ ಇಳಿತಾವ?’ ಎರಡನೇ ಪ್ರಶ್ನೆಗೆ ಅವರು ಬಾವಿಯ ಗೋಡೆಯ ಮೇಲಿನ ಗುರುತನ್ನೇ ಕೈ ಮಾಡಿ ತೋರಿಸುತ್ತಾರೆ. ಅದನ್ನೂ ಅಳೆದುಕೊಳ್ಳಿ. ಹನ್ನೆರಡೂ ಬಾವಿ ಎರಡೇ ದಿನದಲ್ಲಿ ಮುಗಿಯಲಿ. ನಡುವೆ ಜೋರು ಮಳೆ ಬಂದರೆ ಮೊದಲಿನವಕ್ಕೂ ಆಮೇಲಿನವಕ್ಕೂ ಹೋಲಿಕೆ ಸಲ್ಲದು.

ಕಟ್ಟೆ ಇಲ್ಲದ ಬಾವಿಯ ಅಂಚಿಗೆ ಹೋಗಬೇಡಿ. ಒಬ್ಬರೇ ಹೋಗಿ ಅಳೆಯಬೇಡಿ. ಕರೇಜಿನ ಬಾಯಿಯೊಳಗೆ ಇಳಿಯುವ ಸಾಹಸ ಬೇಡವೇ ಬೇಡ.

ಬೀದರ್ ಬಿಟ್ಟು ಬೇರೆ ಕಡೆಯವರು ಮಾಡಬಹುದಾದವು

ನೀರು ಇಂಗುವ ವೇಗ ಎಲ್ಲ ಮೂರು ಜಿಲ್ಲೆಗೂ ಹೊಂದುವ ವಿಷಯ. ಎರಡೂ ಕಡೆ ತೆರೆದ, 15 ಸೆಂಟಿಮೀಟರ್ ಅಗಲದ ತಗಡಿನ ಡಬ್ಬಿಯನ್ನು 5 ಸೆಂಟಿಮೀಟರ್ ನೆಲಕ್ಕೆ ಬಡಿದು ಕೂರಿಸಿ, ಒಳಗೆ ಸ್ಕೇಲ್ ನಿಲ್ಲಿಸಿ, 10 ಸೆಂಟಿಮೀಟರ್ ನೀರು ತುಂಬಿ, ಪ್ರತಿ ಐದು ನಿಮಿಷಕ್ಕೆ ಎಷ್ಟು ಇಳಿಯಿತು ಎಂದು ಒಂದು ಗಂಟೆ ಬರೆಯಿರಿ. ನೀರು ತೀರಾ ಇಳಿಯುವ ಮೊದಲೇ ಮತ್ತೆ ಅದೇ ಗುರುತಿಗೆ ತುಂಬಬೇಕು. ಒಂದು ಸಲ ತುಂಬಲು ಒಂದು ಮುಕ್ಕಾಲು ಲೀಟರ್ ಹಿಡಿಯುತ್ತದೆ, ಹಾಗಾಗಿ ಒಂದು ಜಾಗಕ್ಕೆ ಐದು ಲೀಟರಿನ ಎರಡು ಕ್ಯಾನ್ ಒಯ್ಯಿರಿ. ಎರಿ ಮಣ್ಣು ಇಲ್ಲಿ ಆಟ ಆಡಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಸುರಿದ ನೀರೆಲ್ಲ ಬಿರುಕಿನೊಳಗೆ ಮಾಯ, ‘ಎರಿಯಲ್ಲಿ ನೀರು ಬೇಗ ಇಂಗುತ್ತದೆ’ ಎಂದು ತೋರುತ್ತದೆ. ಮಳೆಯಲ್ಲಿ ಅದೇ ಮಣ್ಣು ಉಬ್ಬಿ ಮುಚ್ಚಿಕೊಂಡಾಗ ಗಂಟೆಯಾದರೂ ಕದಲುವುದಿಲ್ಲ. ಆದ್ದರಿಂದ ಎರಿ ಮತ್ತು ಮಸಾರಿಯನ್ನು, ಅಂದರೆ ಕೆಂಪು ಮಣ್ಣನ್ನು, ಹೋಲಿಸುವುದಾದರೆ ಒಂದೇ ವಾರದಲ್ಲಿ ಮಾಡಿ, ಅಥವಾ ಎರಿಯನ್ನೇ ಬೇಸಿಗೆ ಮತ್ತು ಮಳೆಗಾಲದಲ್ಲಿ ಎರಡು ಸಲ ಅಳೆಯುವುದನ್ನೇ ವಿಷಯ ಮಾಡಿಕೊಳ್ಳಿ. ಎರಡನೆಯದು ಇನ್ನೂ ಚೆಂದ.

ವಾರದ ಸಂತೆ ಸುಲಭವೂ ಹೌದು, ನಕ್ಷೆ ತುಂಬ ಸೊಗಸಾಗಿ ಬರುವ ವಿಷಯವೂ ಹೌದು. ನಲವತ್ತು ಕೊಳ್ಳುವವರು, ಇಪ್ಪತ್ತು ಮಾರುವವರನ್ನು ‘ಯಾವ ಊರಿಂದ ಬಂದೀರಿ, ಏನರ ಮ್ಯಾಲ ಬಂದೀರಿ’ ಎಂದು ಎರಡೇ ಮಾತು ಕೇಳಿ ಪ್ರತಿ ಊರಿನಿಂದ ಗೆರೆ ಎಳೆಯಿರಿ. ಬೆಳಗ್ಗೆ ದೂರದ ವ್ಯಾಪಾರಿಗಳು, ಸಂಜೆ ಕೂಲಿ ಮುಗಿಸಿ ಬರುವ ಹತ್ತಿರದವರು ಇರುತ್ತಾರೆ. ಎರಡೂ ಹೊತ್ತು ಕೇಳದಿದ್ದರೆ ಸಂತೆಯ ಎಳೆತ ತಪ್ಪಾಗಿ ಕಾಣುತ್ತದೆ. ಕಲಬುರಗಿಯವರಾದರೆ ಗಂಜಿನಲ್ಲಿ ತೊಗರಿ ಇಳಿಸುವ ಗಾಡಿಗಳನ್ನೇ ಕೇಳಬಹುದು. ತಾಲ್ಲೂಕು ದಾಟಿ, ಕೆಲವು ಸಲ ರಾಜ್ಯದ ಗಡಿ ದಾಟಿ ಮಾಲು ಯಾಕೆ ಇಲ್ಲಿಗೆ ಬರುತ್ತದೆ ಎಂಬ ಪ್ರಶ್ನೆ ದಾಲ್ ಮಿಲ್‌ಗಳವರೆಗೆ ಒಯ್ಯುತ್ತದೆ.

ಕಮಲಾಪುರದ ಕೆಂಪು ಬಾಳೆ ಒಂದು ಸಣ್ಣ ಪಟ್ಟಿಯಲ್ಲೇ ಯಾಕೆ ನಿಂತಿದೆ, ಬಾಳೆ ಹೊಲಗಳ ಗಡಿಯೂ ಮಣ್ಣಿನ ಗಡಿಯೂ ಒಂದೇ ಕಡೆ ಬೀಳುತ್ತವೆಯೇ ಎಂಬುದು ಆ ಕಡೆಯವರಿಗೆ ಮನೆಬಾಗಿಲ ವಿಷಯ.

ನಗರದ ಬಿಸಿ ಅಳೆಯುವವರು ಒಂದು ಮಾತು ನೆನಪಿಡಿ. ಥರ್ಮಾಮೀಟರ್ ನೆರಳಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮೂರು ನಿಮಿಷ ಇರಬೇಕು. ಹತ್ತು ಜಾಗ ಸುತ್ತಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದು ಊರೇ ತಣ್ಣಗಾಗಿರುತ್ತದೆ. ಕೊನೆಗೆ ಮೊದಲ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಅಳೆದು, ಎಷ್ಟು ಇಳಿದಿದೆಯೋ ಅದನ್ನು ಸಮಯದ ಪ್ರಕಾರ ಎಲ್ಲ ಜಾಗಕ್ಕೂ ಹಂಚಿ ಸರಿಪಡಿಸಿ. ಬೀದರನ್ನೂ ಕಲಬುರಗಿಯನ್ನೂ ಹೋಲಿಸಿ ‘ಬೀದರಿನಲ್ಲಿ ಮರ ಹೆಚ್ಚು, ಅದಕ್ಕೆ ತಂಪು’ ಎಂದು ಬರೆಯಬೇಡಿ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಹೆಚ್ಚು ಎತ್ತರದಲ್ಲಿದೆ. ಪ್ರತಿ ಕಿಲೋಮೀಟರಿಗೆ 6.5 ಡಿಗ್ರಿ ಎಂದು ಹಿಡಿದರೆ ಎತ್ತರದಿಂದಲೇ 1.3 ಡಿಗ್ರಿ ಕಡಿಮೆ ಆಗುತ್ತದೆ.

ಕೈಹಾಕುವ ಮುನ್ನ ಯೋಚಿಸಬೇಕಾದ ವಿಷಯಗಳು

‘ಪರಿಣಾಮ’ ಎಂಬ ಪದ ತಲೆಬರಹದಲ್ಲಿದ್ದರೆ ಅನುಮಾನಿಸಿ. ಪರಿಣಾಮ ತೋರಿಸಲು ಮೊದಲು ಹೇಗಿತ್ತು ಎಂಬ ಅಳತೆ ಬೇಕು. ಕಲ್ಲುಗಣಿಯ ದೂಳಿನಿಂದ ಇಳುವರಿ ಎಷ್ಟು ಇಳಿಯಿತು ಎಂಬುದಕ್ಕೆ ನಿಮ್ಮ ಬಳಿ ಉತ್ತರ ಇರಲಾರದು. ಮಳೆ, ಬೀಜ, ಗೊಬ್ಬರ ಎಲ್ಲವೂ ನಡುವೆ ಬರುತ್ತವೆ. ಅದರ ಬದಲು ‘ಗಣಿ ರಸ್ತೆಯಿಂದ ದೂರ ಹೋದಂತೆ ಎಲೆಯ ಮೇಲಿನ ದೂಳು ಎಷ್ಟು ಕಡಿಮೆಯಾಗುತ್ತದೆ’ ಎಂದು ಕೇಳಿ. ಒಂದೇ ಜಾತಿಯ ಗಿಡ, ಎದೆಯೆತ್ತರದ 20 ಎಲೆ, ರಸ್ತೆಯಿಂದ 50, 100, 250, 500 ಮತ್ತು 1,000 ಮೀಟರಿನಲ್ಲಿ, ರಸ್ತೆಯ ಎರಡೂ ಬದಿಗೆ. ತೊಳೆದ ನೀರನ್ನು ಮೊದಲೇ ತೂಗಿಟ್ಟ ಸೋಸುಕಾಗದದಲ್ಲಿ ಸೋಸಿ ಒಣಗಿಸಿ ಮತ್ತೆ ತೂಗಲು ರಸಾಯನಶಾಸ್ತ್ರ ವಿಭಾಗದ 0.01 ಗ್ರಾಂ ತಕ್ಕಡಿ ಬೇಕಾಗುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಗಾಳಿ ಬೀಸುವ ಬದಿಗೆ ಹೆಚ್ಚು ದೂಳು ಇರುತ್ತದೆ, ಒಂದೇ ಬದಿ ತೆಗೆದರೆ ಲೆಕ್ಕ ಅರ್ಧ. ಗಣಿಯ ಕುಣಿಯ ಹತ್ತಿರ ಕಾಲಿಡಬೇಡಿ, ರಸ್ತೆಯಿಂದಲೇ ಕೆಲಸ ಆಗುತ್ತದೆ.

ಗುಳೆಯ ವಿಷಯಕ್ಕೆ ತುಂಬ ವಿದ್ಯಾರ್ಥಿಗಳು ಬರುತ್ತಾರೆ. ಬರಬೇಕಾದದ್ದೇ, ಯಾದಗಿರಿ ಸೀಮೆಯ ಹಳ್ಳಿಗಳಿಂದ, ತಾಂಡಾಗಳಿಂದ ದುಡಿಯಲು ಹೋಗುವವರ ಬದುಕನ್ನು ಭೂಗೋಳ ಕಾಣದಿದ್ದರೆ ಇನ್ನಾವುದು ಕಾಣಬೇಕು? ಆದರೆ ಸುಗ್ಗಿ ಮುಗಿದು ಮಾರ್ಚಿನಲ್ಲಿ ಹಳ್ಳಿಗೆ ಹೋದರೆ ಹೋದವರು ಹೋಗಿಯಾಗಿರುತ್ತಾರೆ. ನೀವು ಮಾತಾಡಿಸುವುದು ಉಳಿದವರನ್ನು ಮಾತ್ರ. ‘ಶೇ. 10 ಜನ ಮಾತ್ರ ಗುಳೆ ಹೋಗುತ್ತಾರೆ’ ಎಂಬಂಥ ತಪ್ಪು ಅಲ್ಲಿಂದಲೇ ಬರುತ್ತದೆ. ಬೀಗ ಹಾಕಿದ ಮನೆಯನ್ನು ಪಟ್ಟಿಯಿಂದ ತೆಗೆಯಬೇಡಿ. ಅದನ್ನೇ ಎಣಿಸಿ, ಓಣಿ ಓಣಿಯ ನಕ್ಷೆಯಲ್ಲಿ ಗುರುತಿಸಿ, ಅಕ್ಕಪಕ್ಕದವರನ್ನು ಎಲ್ಲಿಗೆ, ಯಾವಾಗ ಎಂದು ಕೇಳಿ. ಹಬ್ಬಕ್ಕೋ ಊರ ಜಾತ್ರೆಗೋ ಎಲ್ಲರೂ ಬಂದಿರುವ ವಾರದಲ್ಲಿ ಇನ್ನೊಮ್ಮೆ ಹೋಗಿ. ಸಾಲ ಎಷ್ಟಿದೆ, ಜಾತಿ ಯಾವುದು ಎಂದು ಕೇಳುವ ಅಗತ್ಯ ನಿಮ್ಮ ಪ್ರಶ್ನೆಗೆ ಇಲ್ಲದಿದ್ದರೆ ಕೇಳಬೇಡಿ. ವರದಿಯಲ್ಲಿ ಯಾರ ಹೆಸರೂ ಬೇಡ, ಮನೆ ಸಂಖ್ಯೆಯ ಬದಲು ನೀವೇ ಕೊಟ್ಟ ಗುರುತು ಸಾಕು.

ಮನೆ ಆರಿಸುವಾಗ ಊರಕಟ್ಟೆಯ ಮೇಲೆ ಕೂತವರನ್ನು ಕೇಳಿ ಮುಗಿಸಬೇಡಿ, ಅಲ್ಲಿ ಹೆಚ್ಚಾಗಿ ಸಿಗುವವರು ಗಂಡಸರೇ. 300 ಮನೆಯ ಊರಿನಲ್ಲಿ 30 ಬೇಕೆಂದರೆ ಒಂದರಿಂದ ಹತ್ತರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹತ್ತನೇ ಮನೆಗೆ ಹೋಗಿ. ಹೆಣ್ಣುಮಕ್ಕಳನ್ನು ಮಾತಾಡಿಸಲು ತಂಡದಲ್ಲಿ ಹುಡುಗಿಯರು ಇರಲಿ. ನೀರು ಎಷ್ಟು ದೂರದಿಂದ ತರುತ್ತಾರೆ ಎಂಬುದಕ್ಕೆ ಸರಿಯಾದ ಉತ್ತರ ತರುವವರ ಬಳಿಯೇ ಇದೆ.

ಹಳೆಯ ಅಂಕಿಅಂಶದ ಬಲೆ

ಜನಗಣತಿಯನ್ನು ಹೋಲಿಸುವ ವಿಷಯ ಆರಿಸಿದರೆ ಗಡಿ ನೋಡಿಕೊಳ್ಳಿ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ. ಆದ್ದರಿಂದ 2001ರ ಗುಲಬರ್ಗಾ ಜಿಲ್ಲೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿವೆ, 2011ರ ಅಂಕಿಯಲ್ಲಿ ಇಲ್ಲ. ನೇರ ಹೋಲಿಸಿದರೆ ಜನಸಂಖ್ಯೆ ಕುಸಿದಂತೆ ಕಾಣುತ್ತದೆ. 2011ರಲ್ಲಿ ಕಲಬುರಗಿಯದು 25.66 ಲಕ್ಷ, ಯಾದಗಿರಿಯದು 11.74 ಲಕ್ಷ, ಎರಡನ್ನೂ ಕೂಡಿಸಿಯೇ ಹಳೆಯ ಗುಲಬರ್ಗಾದ ಜೊತೆ ಇಡಬೇಕು. ತಾಲ್ಲೂಕು ಮಟ್ಟದಲ್ಲೂ ಇದೇ ಕಥೆ. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಹುಣಸಗಿ, ವಡಗೇರಾ, ಗುರುಮಠಕಲ್, ಚಿಟಗುಪ್ಪ, ಹುಲಸೂರು, ಕಮಲನಗರ ಇವೆಲ್ಲ ಆಮೇಲೆ ಹುಟ್ಟಿದ ತಾಲ್ಲೂಕುಗಳು. ಹಳ್ಳಿ ಮಟ್ಟದ ಅಂಕಿ ತೆಗೆದುಕೊಂಡು ನೀವೇ ಕೂಡಿಸಿದರೆ ಈ ತೊಂದರೆ ಇಲ್ಲ.

ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಅಂಕಿ, ಪೇಟೆ ಧಾರಣೆಗೆ ಅಗ್‌ಮಾರ್ಕ್‌ನೆಟ್. ಪ್ರಶ್ನೆ ಅಂತಿಮ ಮಾಡುವ ಮೊದಲೇ ಬೇಕಾದ ಅಂಕಿ ಕೈಗೆ ಬಂದಿರಲಿ. ‘ಆಫೀಸಿನಲ್ಲಿ ಕೊಡುತ್ತೇವೆ ಅಂದಿದ್ದಾರೆ’ ಎಂಬುದನ್ನು ನಂಬಿ ಮುಂದೆ ಹೋಗಬೇಡಿ.

ಹೆಜ್ಜೆ 5: ಕಾಲ ನೋಡಿ ಪ್ರಶ್ನೆ ಹಾಕಿ

ತೊಗರಿ ಜೂನ್-ಜುಲೈಯಲ್ಲಿ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ಕೊಯ್ಯುವ ಬೆಳೆ. ಹಿಂಗಾರಿ ಜೋಳ ಸೆಪ್ಟೆಂಬರ್-ಅಕ್ಟೋಬರ್ ಬಿತ್ತನೆ. ಎರಡೂ ಹೊಲದಲ್ಲಿ ಒಟ್ಟಿಗೆ ಕಾಣುವುದು ನವೆಂಬರಿನಲ್ಲಿ. ಬೆಳೆಯ ಗೆರೆ ನಡೆಯಬೇಕಾದದ್ದು ಆಗಲೇ. ಬೀದರಿನ ಸೋಯಾ ನೋಡಬೇಕೆಂದರೆ ಅಕ್ಟೋಬರ್ ಮುಗಿಯುವಷ್ಟರಲ್ಲಿ ಹೊಲ ಖಾಲಿ. ಮಳೆ ಬಿದ್ದ ಮರುದಿನ ಎರಿಯಲ್ಲಿ ಕಾಲಿಟ್ಟರೆ ಚಪ್ಪಲಿಗೆ ಸೇರಷ್ಟು ಮಣ್ಣು ಅಂಟಿ ನಡೆಯಲಾಗದು, ಮೂರು ದಿನ ಬಿಡಿ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಕೆಲಸ ಬೆಳಗಿನ ಹತ್ತರೊಳಗೆ ಮುಗಿಯುವಂಥ ಪ್ರಶ್ನೆ ಮಾತ್ರ ಹಾಕಿಕೊಳ್ಳಿ.

ಹೆಜ್ಜೆ 6: ಒಂದು ಪುಟ, ಒಂದು ದಿನ

ಮಾರ್ಗದರ್ಶಕರ ಬಳಿ ಹೋಗುವಾಗ ತಲೆಬರಹ ಒಯ್ಯಬೇಡಿ, ಒಂದು ಪುಟ ಒಯ್ಯಿರಿ. ಮೇಲೆ ಪ್ರಶ್ನೆ, ಒಂದೇ ವಾಕ್ಯದಲ್ಲಿ. ಅದರ ಕೆಳಗೆ ನೀವು ಏನು ನಿರೀಕ್ಷಿಸುತ್ತೀರಿ, ಯಾಕೆ. ಆಮೇಲೆ ಜಾಗದ ಕೈನಕ್ಷೆ, ಅಳೆಯುವ ಹತ್ತು-ಹನ್ನೆರಡು ಬಿಂದುಗಳ ಸಮೇತ. ಏನಿಂದ ಅಳೆಯುತ್ತೀರಿ, ಯಾವ ದಿನ, ಯಾರ ಅನುಮತಿ ಬೇಕು. ಕೊನೆಗೆ ತುಂಬಬೇಕಾದ ಕೋಷ್ಟಕ, ಖಾಲಿಯಾಗಿ, ಕಾಲಮ್‌ಗಳ ಹೆಸರಿನೊಂದಿಗೆ. ಈ ಖಾಲಿ ಕೋಷ್ಟಕ ಬರೆಯಲು ಆಗದಿದ್ದರೆ ಪ್ರಶ್ನೆ ಇನ್ನೂ ಪೂರ್ತಿ ಒಡೆದಿಲ್ಲ. ಮೂರನೇ ಹೆಜ್ಜೆಗೆ ಹಿಂತಿರುಗಿ.

ಅವರು ಒಪ್ಪಿದ ಮೇಲೆ ಒಂದು ದಿನ ಪೈಲಟ್‌ಗೆ ಇಡಿ. ಹನ್ನೆರಡರಲ್ಲಿ ಮೂರೇ ಬಾವಿ, ನಲವತ್ತರಲ್ಲಿ ಐದೇ ಜನ. ಸಂಜೆ ಬಸ್ಸಿನಲ್ಲಿ ಕುಳಿತೇ ಕೋಷ್ಟಕ ತುಂಬಿ ನೋಡಿ. ಬಾವಿಗಳಲ್ಲಿ ಎರಡು ಮುಚ್ಚಿಹೋಗಿ ಅದರೊಳಗೆ ಬೋರ್ ಹಾಕಿದ್ದಾರೆ ಎಂದು ತಿಳಿಯಬಹುದು. ಆಗ ‘ತೆರೆದ ಬಾವಿಯ ಮಟ್ಟ’ ಎಂಬ ಪ್ರಶ್ನೆಯನ್ನು ‘ಅಂಚಿನಿಂದ ಎಷ್ಟು ದೂರದವರೆಗೆ ತೆರೆದ ಬಾವಿ ಇನ್ನೂ ಬಳಕೆಯಲ್ಲಿದೆ’ ಎಂದು ತಿರುಗಿಸಿ. ಟೇಪು ಬೇಡ, ಅದೇ ನಕ್ಷೆ, ಅದೇ ಬಿಂದುಗಳು, ಎಣಿಕೆ ಸಾಕು. ಅಳತೆಯ ದಿನಗಳು ಶುರುವಾಗುವ ಮುನ್ನ ಇಂಥ ಬದಲಾವಣೆ ಎಷ್ಟು ಸಲವಾದರೂ ಮಾಡಬಹುದು. ಶುರುವಾದ ಮೇಲೆ ಬೇಡ: ಮೊದಲ ಆರು ಬಿಂದು ಒಂದು ರೀತಿ, ಉಳಿದ ಆರು ಇನ್ನೊಂದು ರೀತಿ ಅಳೆದರೆ ಎರಡನ್ನೂ ಒಂದೇ ನಕ್ಷೆಯ ಮೇಲೆ ಹಾಕಲು ಬರುವುದಿಲ್ಲ.